ಕಲ್ಲಿಗೆ ವಿನಾಯಿತಿ, ಪಟಕ್ಕೆ ತಕರಾರು

ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಿ ಲಜ್ಜಾಗೌರಿಗೆ ಕುಂಕುಮ ಹಚ್ಚಿ ಸಂತಾನ ಬೇಡುವ ಹೆಣ್ಣುಮಕ್ಕಳಿಗೆ ದೇವಿ ಬತ್ತಲೆಯಿದ್ದಾಳೆ ಎಂಬುದು ಸುದ್ದಿಯೇ ಅಲ್ಲ. ತಲೆಯಿಲ್ಲದವಳು, ಮೊಣಕಾಲು ಮಡಚಿ ತೊಡೆ ಅಗಲಿಸಿದವಳು. ನಾಗನಾಥಕೊಳ್ಳದಿಂದ ಬಾದಾಮಿ ವಸ್ತುಸಂಗ್ರಹಾಲಯಕ್ಕೆ ಬಂದ ಮೂರ್ತಿಯಲ್ಲಂತೂ ತಲೆಯ ಜಾಗದಲ್ಲಿ ತಾವರೆ ಅರಳಿದೆ. ಮಹಾಕೂಟದ ಕಥೆ ಬೇರೆ: ಶಿವ-ಪಾರ್ವತಿ ಹೊಂಡದಲ್ಲಿ ಆಡುತ್ತಿದ್ದಾಗ ಭಕ್ತನೊಬ್ಬ ಬಂದ, ಶಿವ ಗುಡಿಯೊಳಗೆ ಓಡಿದ, ಆಕೆ ತಲೆ ಮರೆಸಿಕೊಂಡಳು. ನೋಡುವವನು ಬಂದ ಮೇಲೆಯೇ ಲಜ್ಜೆ ಹುಟ್ಟಿತು ಅನ್ನಿ.

ಹೊಸ ಬಗೆಯ ನೋಡುವವನು ಬಂದದ್ದು 1855ರಲ್ಲಿ. ಮುಂಬೈ ಸರ್ಕಾರದ ಛಾಯಾಗ್ರಾಹಕ ಕ್ಯಾಪ್ಟನ್ ಥಾಮಸ್ ಬಿಗ್ಸ್ ಐಹೊಳೆ, ಬಾದಾಮಿಯ ಗುಡಿಗಳ ಪಟ ತೆಗೆದ. ಅವನದೂ ಇತರರದೂ ಸೇರಿದ ಚಿತ್ರಗಳು 1866ರಲ್ಲಿ ಪುಸ್ತಕವಾಗಿ ಲಂಡನ್ನಿನಲ್ಲಿ ಬಂದವು. ಗುಡಿಯ ಕಲ್ಲು ಪಟವಾಗಿ ಊರು ಬಿಟ್ಟು ಹೊರಟಿತ್ತು.

ಬಿಗ್ಸ್ ಬಂದುಹೋದ ಮರುವರ್ಷವೇ ಅಶ್ಲೀಲ ಪುಸ್ತಕ, ಚಿತ್ರಗಳ ವಿರುದ್ಧ 1856ರ ಕಾಯ್ದೆ ಬಂತು. ಇವೆರಡಕ್ಕೆ ನಂಟಿಲ್ಲ, ಕಾಕತಾಳೀಯ. ಆದರೆ ಆ ಕಾಯ್ದೆ ಬರೆದವರಿಗೆ ಇಲ್ಲಿನ ಗುಡಿಗಳ ಅರಿವಿತ್ತು. ದೇವಸ್ಥಾನದಲ್ಲಿ, ದೇವರ ತೇರಿನ ಮೇಲೆ ಕೆತ್ತಿದ್ದಕ್ಕೆ ಕಾಯ್ದೆ ಅನ್ವಯಿಸದು ಎಂದು ಅದರಲ್ಲೇ ಬರೆದರು. ಅದೇ ವಿನಾಯಿತಿ ಭಾರತೀಯ ದಂಡಸಂಹಿತೆಯ 292ನೇ ಕಲಮಿಗೂ ಬಂತು. 1969ರ ತಿದ್ದುಪಡಿ ಪ್ರಾಚೀನ ಸ್ಮಾರಕಗಳನ್ನೂ ಸೇರಿಸಿತು. ಬಾದಾಮಿಯ ಮೂರನೇ ಗುಹೆಯ ಕಂಬಗಳ ಮೇಲಿನ ಜೋಡಿಗಳು ಅಲ್ಲಿಗೆ ಪೂರ್ಣ ಬಚಾವ್.

ಪಟದ ಕಥೆ ಹಾಗಲ್ಲ. ವಿನಾಯಿತಿ ಇರುವುದು ಗುಡಿಯಲ್ಲಿರುವ ಕೆತ್ತನೆಗೆ. ಅದರ ಚಿತ್ರ ಅಚ್ಚಾಗಿ ಮಾರಾಟಕ್ಕೆ ಬಂದರೆ, ಕಲೆಗಾಗಿ, ವಿದ್ಯೆಗಾಗಿ, ಲೋಕಹಿತಕ್ಕಾಗಿ ಎಂದು ಪ್ರಕಾಶಕನೇ ಸಾಧಿಸಬೇಕಾಗಬಹುದು. ನನಗಿದು ಕಾನೂನಿನ ಕುರುಡುತನ ಅನ್ನಿಸುವುದಿಲ್ಲ. ಕುಂಕುಮ, ಹರಕೆ, ಹೊಂಡದ ನೀರು ಯಾವುದೂ ಪಟದ ಜೊತೆ ಹೋಗುವುದಿಲ್ಲವಲ್ಲ. ಪಟ ಕಲೆಯೋ ಅಶ್ಲೀಲವೋ ಎಂಬ ಜಗ್ಗಾಟ ಜಪಾನಿನಲ್ಲೂ ಇದೆ. ಅಮೆರಿಕದ ಛಾಯಾಗ್ರಾಹಕ ಮೇಪಲ್‌ಥಾರ್ಪ್‌ನ ಫೋಟೊ ಪುಸ್ತಕ ಅಶ್ಲೀಲವಲ್ಲವೆಂದು ಜಪಾನಿನ ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ. ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ, ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಗೆಳತಿಯ ಜೊತೆ ಬತ್ತಲೆ ನಿಂತ ಪಟದ ಮೊಕದ್ದಮೆಯಲ್ಲಿ, ಅಶ್ಲೀಲತೆಗೆ 1868ರ ಇಂಗ್ಲಿಷ್ ತೀರ್ಪು ಕೊಟ್ಟ ಅಳತೆಗೋಲನ್ನು ಬಿಟ್ಟು ಸಮಕಾಲೀನ ಸಮಾಜದ ಕಣ್ಣಿನಿಂದ ಇಡೀ ಚಿತ್ರವನ್ನು ನೋಡಬೇಕೆಂದಿತು.

ದಂಡಸಂಹಿತೆಯ ಜಾಗಕ್ಕೆ ಬಂದು 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಗುಡಿಯನ್ನೂ ತೇರನ್ನೂ ಹಾಗೆಯೇ ಉಳಿಸಿಕೊಂಡಿದೆ. ಹೊಸದಾಗಿ ಅಶ್ಲೀಲದ ಪಟ್ಟಿಗೆ ಸೇರಿರುವುದು ಎಲೆಕ್ಟ್ರಾನಿಕ್ ರೂಪದ ಪ್ರದರ್ಶನ, ಅಂದರೆ ಸಿದ್ಧನಕೊಳ್ಳದಲ್ಲಿ ನಿಂತು ಮೊಬೈಲಿನಲ್ಲಿ ತೆಗೆದು ವಾಟ್ಸಾಪಿಗೆ ಹಾಕುವ ಪಟವೂ ಇನ್ನು ಆ ಕಲಮಿನ ಕಣ್ಣಿಗೆ ಬೀಳಬಹುದು.