ದೀಪ ಹಚ್ಚುವವರು ಯಾರು?

ಇಟಲಿಯ ಟಸ್ಕನಿಯಲ್ಲಿ, ಆಲಿವ್ ತೋಟದ ನಡುವಿನ ಅತಿಥಿಗೃಹವೊಂದರಲ್ಲಿ ತಂಗಿ, ದಿನಕ್ಕೊಂದು ಬೆಟ್ಟದೂರನ್ನು ನೋಡಿ ಬರುತ್ತಿದ್ದೆ. ಸ್ಯಾನ್ ಜಿಮಿನ್ಯಾನೊದಲ್ಲಿ ಸಿರಿವಂತ ಮನೆತನಗಳು ಪೈಪೋಟಿಯಿಂದ ಕಟ್ಟಿಸಿದ 72 ಗೋಪುರಗಳಿದ್ದುವಂತೆ. ಉಳಿದಿರುವುದು ಸುಮಾರು 14. 1348ರ ಪ್ಲೇಗಿನ ಬಳಿಕ ಊರು ಸೊರಗಿತು. ಕೆಡವಿ ಹೊಸದನ್ನು ಕಟ್ಟುವ ಚೈತನ್ಯವಿಲ್ಲದ್ದರಿಂದಲೇ ಹಳೆಯದು ಉಳಿಯಿತು. 1990ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಬಡತನ ಕಾಪಾಡಿದ ಊರನ್ನು ಪ್ರವಾಸಿಗರ ಹಣ ಕಾಪಾಡೀತೆ? ಕೋಟೆ ಬಾಗಿಲಿನಿಂದ ಚೌಕದವರೆಗೂ ನನಗೆ ಕಂಡದ್ದು ಸ್ಮರಣಿಕೆಗಳ ಅಂಗಡಿಗಳೇ. ದಿನಸಿ ಕೊಳ್ಳುವ ಗೃಹಿಣಿಯಾಗಲಿ, ಶಾಲೆಯಿಂದ ಮರಳುವ ಮಗುವಾಗಲಿ ಕಣ್ಣಿಗೆ ಬೀಳಲಿಲ್ಲ. ಸಂಜೆ ಬಸ್ಸುಗಳು ಹೊರಟಾಗ ನಾನೂ ಹೊರಟುಬಂದೆ.

‘ಕತ್ತಲಾದ ಮೇಲೆ ಎಷ್ಟು ಮನೆಗಳಲ್ಲಿ ದೀಪ ಕಂಡಿರಿ?’ ಎಂದು ಅತಿಥಿಗೃಹದ ವೃದ್ಧ ಒಡತಿ ಕೇಳಿದರು. ಉತ್ತರಿಸಲಾಗಲಿಲ್ಲ. ಅಷ್ಟು ಹೊತ್ತು ನಾನು ಅಲ್ಲಿ ಉಳಿದಿರಲೇ ಇಲ್ಲ.