ಅಂತರ್ಜಾಲವೂ ಜಾಹೀರಾತಿನ ಹಾವಳಿಯೂ

ಸಾರ್ವಜನಿಕರ ಹಣದಿಂದ ನಿರ್ಮಿತವಾದ ರಾಜಮಾರ್ಗದ ಬದಿಯಲ್ಲಿ ವರ್ತಕನೊಬ್ಬನು ಅಂಗಡಿಯನ್ನಿಟ್ಟರೆ ಆಕ್ಷೇಪಿಸುವವರಿಲ್ಲ. ಆದರೆ ಅವನೇ ದಾರಿಹೋಕರನ್ನು ಅಡ್ಡಗಟ್ಟಿ, ಅವರು ಎಲ್ಲಿಂದ ಬಂದರು, ಏನನ್ನು ವಿಚಾರಿಸಿದರು ಎಂಬುದನ್ನೆಲ್ಲ ಗುಪ್ತವಾಗಿ ಬರೆದಿಟ್ಟುಕೊಳ್ಳತೊಡಗಿದರೆ ಅದನ್ನು ವ್ಯಾಪಾರವೆನ್ನಬಹುದೆ? ಅಂತರ್ಜಾಲದ ಇಂದಿನ ಸ್ಥಿತಿಯು ಇದಕ್ಕಿಂತ ಭಿನ್ನವಾಗಿಲ್ಲ.

ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ನಡೆಸುತ್ತಿದ್ದ ಜಾಲವು ವಿದ್ಯೆಗೂ ಸಂಶೋಧನೆಗೂ ಮೀಸಲಾಗಿತ್ತು. ಕೇವಲ ಲಾಭಕ್ಕಾಗಿ ನಡೆಯುವ ವ್ಯವಹಾರಕ್ಕೆ ಅಲ್ಲಿ ಎಡೆಯಿರಲಿಲ್ಲ. 1993ರ ಏಪ್ರಿಲಿನಲ್ಲಿ ಜಿನೀವಾದ ಸರ್ನ್ ಸಂಸ್ಥೆಯು, ಟಿಮ್ ಬರ್ನರ್ಸ್-ಲೀ ಅವರು ನಿರ್ಮಿಸಿದ ವೆಬ್ಬನ್ನು ಯಾವ ಪ್ರತಿಫಲವನ್ನೂ ಬಯಸದೆ ಲೋಕಕ್ಕೆ ಒಪ್ಪಿಸಿತು. ಮರುವರ್ಷದ ಅಕ್ಟೋಬರಿನಲ್ಲಿಯೇ 'ಹಾಟ್‌ವೈರ್ಡ್' ತಾಣದಲ್ಲಿ ಜಾಹೀರಾತಿನ ಪಟ್ಟಿಗಳು ತಲೆದೋರಿದವು. 1995ರಲ್ಲಿ ಆ ಸರ್ಕಾರಿ ಜಾಲವು ನಿಂತು, ಅದರ ಕಾರ್ಯವು ಖಾಸಗಿ ಕಂಪನಿಗಳ ಕೈಸೇರಿತು.

ಮುಂದಾಗುವುದನ್ನು ಬಲ್ಲವರು ಇಲ್ಲದಿರಲಿಲ್ಲ. ಜಾಹೀರಾತಿನ ಹಣವನ್ನೇ ನಂಬಿದ ಶೋಧಯಂತ್ರವು ಜನರ ಹಿತವನ್ನು ಬಿಟ್ಟು ಜಾಹೀರಾತುದಾರನ ಕಡೆಗೆ ವಾಲುವುದೆಂದು 1998ರಲ್ಲಿ ಪ್ರಬಂಧವೊಂದರಲ್ಲಿ ಎಚ್ಚರಿಸಿದವರು ಗೂಗಲ್ಲಿನ ಸ್ಥಾಪಕರಾದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಅವರೇ. 2000ದ ಹೊತ್ತಿಗೆ ಅವರ ಸಂಸ್ಥೆಯೂ ಅದೇ ವ್ಯಾಪಾರಕ್ಕೆ ಇಳಿಯಿತು!

ಪತ್ರಿಕೆಗಳೂ ಜಾಹೀರಾತಿನಿಂದಲೇ ಜೀವಿಸುವುವಲ್ಲವೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಪತ್ರಿಕೆಯ ಜಾಹೀರಾತು ತನ್ನ ಚೌಕಟ್ಟನ್ನು ಮೀರದು. ಬೇಡವಾದವನು ಪುಟವನ್ನು ಮಗುಚಬಹುದು. ಪತ್ರಿಕೆಯ ಜಾಹೀರಾತನ್ನು ವಾಚಕನು ನೋಡುವನು. ಅಂತರ್ಜಾಲದ ಜಾಹೀರಾತಾದರೋ ವಾಚಕನನ್ನೇ ನೋಡುವುದು. 'ಕುಕೀ' ಎಂಬ ಸಣ್ಣ ಗುರುತನ್ನು ಅವನ ಯಂತ್ರದಲ್ಲಿಯೇ ಇರಿಸಿ, ತಾಣದಿಂದ ತಾಣಕ್ಕೆ ಅವನನ್ನು ಹಿಂಬಾಲಿಸುವುದು. ಇಲ್ಲಿ ಮಾರಾಟಕ್ಕಿರುವ ಸರಕು ಸಾಬೂನಲ್ಲ, ವಾಚಕನ ಗಮನವೇ.

ಈ ಹಾವಳಿಗೆ ಕಾನೂನಿನ ಕಡಿವಾಣ ನಮ್ಮಲ್ಲಿ ಇಲ್ಲದಿಲ್ಲ. ವೈಯಕ್ತಿಕ ವಿವರಗಳನ್ನು ಬಳಸಲು ಪಡೆಯುವ ಒಪ್ಪಿಗೆಯು ಸ್ವತಂತ್ರವೂ ತಿಳಿದು ಕೊಟ್ಟದ್ದೂ ಆಗಿರಬೇಕೆಂದು 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ವಿಧಿಸುವುದು. ಸುದ್ದಿಯ ವೇಷದಲ್ಲಿ ಬರುವ ಜಾಹೀರಾತನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅದೇ ವರ್ಷದ ನವೆಂಬರಿನಲ್ಲಿ ನಿಷಿದ್ಧ ತಂತ್ರಗಳ ಸಾಲಿಗೆ ಸೇರಿಸಿದೆ. ಇವನ್ನು ಕಾಗದದಿಂದ ಕಾರ್ಯಕ್ಕೆ ತರುವುದು ಅಧಿಕಾರಿಗಳ ಹೊಣೆ. ಓದದೆಯೇ 'ಒಪ್ಪಿದೆ' ಎಂದು ಒತ್ತದಿರುವುದು ನಮ್ಮೆಲ್ಲರ ಹೊಣೆ. ವ್ಯಾಪಾರವು ಬೀದಿಯಲ್ಲಿ ನಡೆಯಲಿ. ಮನೆಯೊಳಕ್ಕೆ ಬರುವುದಾದರೆ ಬಾಗಿಲು ತಟ್ಟಿ ಬರಲಿ.