ಅಪ್ಪ ಬಾರದಿದ್ದರೂ ನೀವು ಹೋಗಬಹುದು

ಪರೀಕ್ಷೆ ಹತ್ತಿರ ಬಂದಿದೆ. ಅಪ್ಪ ಇಂದು ಯಾವ ಸ್ಥಿತಿಯಲ್ಲಿ ಮನೆಗೆ ಬಂದಾರೋ ಎಂಬ ಆತಂಕದಲ್ಲಿ ಪುಸ್ತಕದ ಒಂದು ಸಾಲೂ ತಲೆಗೆ ಹತ್ತದು. ಗೆಳೆಯರೊಡನೆ ಹೇಳಿಕೊಳ್ಳಲು ನಾಚಿಕೆ. ಇಂಥ ಮಕ್ಕಳು, ತಾಯಂದಿರು ಹೋಗಿ ಕೂರಬಹುದಾದ ಸಭೆಗಳು ಇವೆ.

ಕುಡಿತ ಬಿಡಬಯಸುವವರ ಕೂಟ 'ಆಲ್ಕೊಹಾಲಿಕ್ಸ್ ಅನಾನಿಮಸ್' (ಎಎ) 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿತು. ಕಟ್ಟಿದ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಇಬ್ಬರೂ ಕುಡಿತಕ್ಕೆ ಸೋತವರೇ! ಮನೆಯವರ ಪಾಡೂ ಕಡಿಮೆಯದಲ್ಲವೆಂದು ಕಂಡ ವಿಲ್ಸನ್ ಪತ್ನಿ ಲೋಯಿಸ್, 1951ರಲ್ಲಿ ಗೆಳತಿಯೊಬ್ಬರೊಡನೆ 'ಅಲ್-ಅನಾನ್' ಆರಂಭಿಸಿದರು. 1957ರಲ್ಲಿ ಹದಿಹರೆಯದವರಿಗಾಗಿ 'ಅಲಟೀನ್' ಬಂತು. ಕುಡಿಯುವವರು ಚಿಕಿತ್ಸೆಗೆ ಒಪ್ಪಲಿ, ಬಿಡಲಿ, ಮನೆಯವರು ಇಲ್ಲಿಗೆ ಹೋಗಬಹುದು.

ಅಲಟೀನ್ ಎಲ್ಲ ಊರುಗಳಲ್ಲೂ ಸಿಗದು. ಆಗ ತಾಯಿಯೊಡನೆ ಎಎಯ 'ಮುಕ್ತ ಸಭೆ'ಗೆ ಹೋಗಿ. ಅಲ್ಲಿಗೆ ಯಾರೂ ಬರಬಹುದು. 'ಮುಚ್ಚಿದ ಸಭೆ' ಕುಡಿತ ಬಿಡಬಯಸುವವರಿಗೆ ಮಾತ್ರ. ಹೋಗುವ ಮೊದಲು ಫೋನ್ ಮಾಡಿ ಯಾವ ಬಗೆಯ ಸಭೆ, ಕನ್ನಡದಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ. ವಿಳಾಸ ಆಯಾ ಕೂಟದ ಜಾಲತಾಣದಲ್ಲಿ ಸಿಗುತ್ತದೆ. ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ಕೇಳಬಹುದು.

ಒಳಗೆ ಹೆಸರಷ್ಟೇ ಸಾಕು, ಮನೆತನ ಕೇಳುವುದಿಲ್ಲ. ಶುಲ್ಕವಿಲ್ಲ, ಕಾಣಿಕೆ ಸಂಗ್ರಹಿಸುವಾಗ ಕೊಡಲೇಬೇಕೆಂದೇನಿಲ್ಲ. ಸುಮ್ಮನೆ ಕೇಳುತ್ತ ಕುಳಿತರೂ ಆದೀತು. ಒಂದು ಸಭೆಗೇ ತೀರ್ಮಾನಕ್ಕೆ ಬರಬೇಡಿ, ಗುಂಪಿನಿಂದ ಗುಂಪಿಗೆ ರೀತಿ ಬೇರೆ.

ಆದರೆ ಎಚ್ಚರ: ದಿನವೂ ವಿಪರೀತ ಕುಡಿಯುವವರಿಗೆ ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್, ಭ್ರಮೆ ಕಾಣಿಸಿ ಜೀವಕ್ಕೇ ಅಪಾಯವಾದೀತು. ಮೊದಲು ವೈದ್ಯರು, ಆಮೇಲೆ ಸಭೆ.